ವಾಹನಗಳ ಪರಸ್ಪರ ಸಹಕಾರ: ಒಂದು ಐತಿಹಾಸಿಕ ಸಮೀಕ್ಷೆ

ವಾಹನಗಳು ಒಂದರ ಗತಿಯನ್ನು ಮತ್ತೊಂದು ಅರಿತು ಚಲಿಸಿದರೆ ಸಂದಣಿ ತಗ್ಗಿ ಇಂಧನ ಉಳಿಯುವುದೆಂಬ ವಿಚಾರವು ತೀರ ಹೊಸದಲ್ಲ. 1939ರ ನ್ಯೂಯಾರ್ಕ್ ವಿಶ್ವಪ್ರದರ್ಶನದಲ್ಲಿ ನಾರ್ಮನ್ ಬೆಲ್ ಗೆಡ್ಡೆಸ್ ಎಂಬ ವಿನ್ಯಾಸಕಾರನು ಜನರಲ್ ಮೋಟರ್ಸ್ ಸಂಸ್ಥೆಗಾಗಿ ರಚಿಸಿದ ‘ಫ್ಯೂಚುರಾಮ’ ಮಾದರಿಯಲ್ಲಿ, ಕಾರುಗಳ ನಡುವಣ ಅಂತರವನ್ನು ರೇಡಿಯೋ ಕಾಯುವ ಹೆದ್ದಾರಿಯ ಕಲ್ಪನೆಯಿತ್ತು. ಆ ಕಲ್ಪನೆಯು ಕಾರ್ಯರೂಪದತ್ತ ಸಾಗಿದ ಬಗೆಯನ್ನು ಇಲ್ಲಿ ಸಂಕ್ಷೇಪವಾಗಿ ಪರಿಶೀಲಿಸುವೆವು.

ಮೊದಲ ಘಟ್ಟದಲ್ಲಿ ರಸ್ತೆಯನ್ನೇ ಬದಲಿಸುವ ಹಂಬಲ ಪ್ರಬಲವಾಗಿತ್ತು. ಸ್ವಯಂಚಾಲಿತ ಹೆದ್ದಾರಿಯ ಮಾದರಿಯೊಂದು 1997ರೊಳಗೆ ಸಿದ್ಧವಾಗಬೇಕೆಂದು ಅಮೆರಿಕದ 1991ರ ಶಾಸನವು ವಿಧಿಸಿತು. ಅದರಂತೆ 1997ರ ಆಗಸ್ಟಿನಲ್ಲಿ ಸ್ಯಾನ್ ಡಿಯೇಗೋ ಬಳಿ ಎಂಟು ಕಾರುಗಳು ಸುಮಾರು 6.5 ಮೀಟರುಗಳ ಅಂತರದಲ್ಲಿ ಒಂದೇ ಸಾಲಾಗಿ ಓಡಿದವು. ರಸ್ತೆಯಲ್ಲಿ ಹುದುಗಿಸಿದ ಅಯಸ್ಕಾಂತಗಳು ಅವಕ್ಕೆ ದಾರಿ ತೋರಿದವು. ಪ್ರಯೋಗವು ಯಶಸ್ವಿಯಾದರೂ ಸರಕಾರದ ಬೆಂಬಲ ಬಹುಬೇಗ ನಿಂತುಹೋಯಿತು. ರಸ್ತೆಯೂ ವಾಹನವೂ ಒಟ್ಟಿಗೆ ಬದಲಾಗುವವರೆಗೆ ಯಾರಿಗೂ ಫಲವಿಲ್ಲದ ಯೋಜನೆಗೆ ಈ ಗತಿ ಒದಗಿದುದು ಆಶ್ಚರ್ಯವಲ್ಲ. ಮುಂದೆ ಲಾರಿಗಳನ್ನು ಹೀಗೆಯೇ ಸಾಲುಗೂಡಿಸುವ ಯತ್ನ ನಡೆಯಿತು. ಸಾಲು ಕಡಿದಾಗ ಅದನ್ನು ಮತ್ತೆ ಕೂಡಲು ಲಾರಿ ವೇಗ ಹೆಚ್ಚಿಸಬೇಕಾಗುತ್ತಿತ್ತು. ಉಳಿಸಿದ ಇಂಧನದ ಒಂದು ಭಾಗ ಅಲ್ಲಿಯೇ ಕಳೆಯುತ್ತಿತ್ತು. ಉಳಿತಾಯವು ನಿರೀಕ್ಷೆಗಿಂತ ಕಡಿಮೆಯೆಂದು ಕಂಡು ಡೈಮ್ಲರ್ ಸಂಸ್ಥೆಯು 2019ರಲ್ಲಿ ಈ ಮಾರ್ಗದಿಂದ ಹಿಂದೆ ಸರಿಯಿತು.

ಈ ನಡುವೆ ಸಂದಣಿಯ ಮೂಲವನ್ನು ಕುರಿತ ತಿಳಿವಳಿಕೆಯೇ ಮಾರ್ಪಟ್ಟಿತ್ತು. ಜಪಾನಿನ ವಿದ್ವಾಂಸರು 2008ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ, 230 ಮೀಟರಿನ ವರ್ತುಲದಲ್ಲಿ 22 ಕಾರುಗಳು ಸುತ್ತುತ್ತಿರಲು, ಯಾವ ಅಡ್ಡಿಯೂ ಇಲ್ಲದೆ ತಡೆಯುಂಟಾಗಿ ಅಲೆಯಂತೆ ಹಿಂದಕ್ಕೆ ಸರಿಯಿತು. ಒಬ್ಬನ ಅಲ್ಪ ಹಿಂಜರಿಕೆಯು ಹಿಂದಿನವರಲ್ಲಿ ಬೆಳೆಯುತ್ತ ಹೋಗುವುದೇ ಇದಕ್ಕೆ ಕಾರಣ. ಅರಿಜೋನದಲ್ಲಿ ನಡೆದು 2018ರಲ್ಲಿ ಪ್ರಕಟವಾದ ಮತ್ತೊಂದು ಪ್ರಯೋಗದಲ್ಲಿ, ಇಪ್ಪತ್ತಕ್ಕೂ ಹೆಚ್ಚು ಕಾರುಗಳ ನಡುವೆ ಸ್ವಯಂನಿಯಂತ್ರಿತವಾದ ಒಂದೇ ಕಾರು ಸಮಗತಿಯಿಂದ ನಡೆದು ಆ ಅಲೆಯನ್ನು ಅಡಗಿಸಿತು; ಇಂಧನವೆಚ್ಚ ಶೇಕಡಾ 40ರವರೆಗೆ ಇಳಿಯಿತು. 2022ರ ನವೆಂಬರಿನಲ್ಲಿ ನ್ಯಾಶ್‌ವಿಲ್ ಹೆದ್ದಾರಿಯ ಸಾಮಾನ್ಯ ಸಂಚಾರದಲ್ಲಿ ಇಂತಹ 100 ವಾಹನಗಳನ್ನು ಓಡಿಸಿ ಪರೀಕ್ಷಿಸಲಾಯಿತು.

ಎಲ್ಲರನ್ನೂ ಒಂದೇ ಸಾಲಿಗೆ ತರುವುದಕ್ಕಿಂತ ಕೆಲವರ ಸಂಯಮದಿಂದ ಹಲವರಿಗೆ ಉಪಕಾರವಾಗುವುದೆಂಬುದೇ ಈ ಇತಿಹಾಸದ ಸಾರವೆಂದು ನಮ್ಮ ಅಭಿಪ್ರಾಯ. ಆದರೆ ಮುಂದೆ ತೆರವು ಬಿಟ್ಟು ನಡೆಯುವ ಸಂಯಮ ಒಬ್ಬನದು. ಅದರ ಲಾಭದ ಬಹುಭಾಗ ಹಿಂದೆ ಬರುವವರದು. ಆದ್ದರಿಂದ ಅದರ ವೆಚ್ಚವನ್ನು ಹೊರುವವರಾರೆಂಬ ಪ್ರಶ್ನೆಯನ್ನು ಯಂತ್ರವು ಬಿಡಿಸಲಾರದು. ಅದು ಸಮಾಜವೇ ನಿರ್ಣಯಿಸಬೇಕಾದ ವಿಷಯ.