ಅಗ್ಗದ ಪ್ರೊಸೆಸರ್ ಮತ್ತು ಆಟದ ಗಣಕ: ಒಂದು ಐತಿಹಾಸಿಕ ಪರಿಶೀಲನೆ

ಬಿಡಿಭಾಗಗಳನ್ನು ತಂದು ಮನೆಯಲ್ಲಿಯೇ ಜೋಡಿಸಿ, ಆಟಕ್ಕೆ ಯೋಗ್ಯವಾದ ಗಣಕವೊಂದನ್ನು ಕಟ್ಟಬೇಕೆಂದು ಮೊದಲ ಸಲ ಹೊರಡುವ ತರುಣನಿಗೆ ಎದುರಾಗುವ ಮುಖ್ಯ ಪ್ರಶ್ನೆ ಪ್ರೊಸೆಸರಿನದು. ಕೈಯಲ್ಲಿರುವ ಹಣ ಒಂದೇ ಗಂಟು. ಮದರ್‌ಬೋರ್ಡು, ಮೆಮೊರಿ, ಗ್ರಾಫಿಕ್ಸ್ ಕಾರ್ಡು ಎಲ್ಲವೂ ಅದರಲ್ಲಿಯೇ ಬರಬೇಕು. ಪ್ರೊಸೆಸರಿಗೆ ಹೆಚ್ಚು ಸುರಿದರೆ ಚಿತ್ರವನ್ನು ಬಿಡಿಸುವ ಕಾರ್ಡಿಗೆ ಕೊರತೆ; ತೀರ ಕಡಿಮೆ ಕೊಟ್ಟರೆ ಒಳ್ಳೆಯ ಕಾರ್ಡೂ ಕೆಲಸವಿಲ್ಲದೆ ಕಾಯುತ್ತ ಕುಳಿತುಕೊಳ್ಳುತ್ತದೆ. ಬೆಂಗಳೂರಿನ ಸಾದರ್ ಪತ್ರಪ್ಪ ರಸ್ತೆಯ ಅಂಗಡಿಗಳ ಮುಂದೆ ಪಟ್ಟಿ ಹಿಡಿದು ನಿಲ್ಲುವ ವಿದ್ಯಾರ್ಥಿಗಳಿಗೆ ಈ ಇಕ್ಕಟ್ಟನ್ನು ವಿವರಿಸಿ ಹೇಳಬೇಕಾದ್ದಿಲ್ಲ. ಅಗ್ಗದ ಪ್ರೊಸೆಸರ್ ಎಂದರೆ ನಿಧಾನವಾದ ಪ್ರೊಸೆಸರ್ ಎಂಬ ಭಾವನೆ ಅವರಲ್ಲಿ ಸಾಮಾನ್ಯವಾಗಿದೆ. ಚರಿತ್ರೆಯನ್ನು ನೋಡಿದರೆ ಈ ಭಾವನೆಗೆ ಪೂರ್ಣ ಆಧಾರ ದೊರೆಯುವುದಿಲ್ಲ. ಅಗ್ಗದ ಚಿಪ್ಪು ಬಹುಮಟ್ಟಿಗೆ ದುಬಾರಿ ಚಿಪ್ಪಿನಿಂದ ಏನನ್ನೋ ಕತ್ತರಿಸಿ ಮಾಡಿದ್ದು. ಕತ್ತರಿಸಿದ ಭಾಗವು ಆ ಕಾಲದ ಆಟಗಳಿಗೆ ಅವಶ್ಯವಾಗಿತ್ತೆ ಎಂಬುದರ ಮೇಲೆ ಅದರ ಯೋಗ್ಯತೆ ನಿರ್ಧಾರವಾಗುತ್ತ ಬಂದಿದೆ. ಈ ದೃಷ್ಟಿಯಿಂದ ಕೆಲವು ನಿದರ್ಶನಗಳನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಕತ್ತರಿಸುವ ಈ ಪದ್ಧತಿ ವೈಯಕ್ತಿಕ ಗಣಕದಷ್ಟೇ ಹಳೆಯದು. 1981ರ ಆಗಸ್ಟ್ ತಿಂಗಳಲ್ಲಿ ಐ.ಬಿ.ಎಂ. ಹೊರತಂದ ಗಣಕದಲ್ಲಿದ್ದ ಇಂಟೆಲ್ 8088 ಚಿಪ್ಪೇ ಅಂಥದು. ಅದರ ಅಣ್ಣನಾದ 8086 ಒಳಗೂ ಹೊರಗೂ 16 ಬಿಟ್ಟುಗಳನ್ನು ಒಮ್ಮೆಗೆ ಸಾಗಿಸುತ್ತಿತ್ತು. 8088ರಲ್ಲಿ ಒಳಗಿನ ಲೆಕ್ಕ 16 ಬಿಟ್ಟಿನದೇ ಆಗಿದ್ದರೂ ಹೊರದಾರಿಯನ್ನು 8 ಬಿಟ್ಟಿಗೆ ಇಳಿಸಲಾಗಿತ್ತು. ಆಗ ಅಗ್ಗವಾಗಿ ದೊರೆಯುತ್ತಿದ್ದ 8 ಬಿಟ್ಟಿನ ಸಹಾಯಕ ಚಿಪ್ಪುಗಳನ್ನು ಬಳಸಲು ಇದರಿಂದ ಅನುಕೂಲವಾಯಿತು. ಒಬ್ಬನೇ ತಯಾರಕನನ್ನು ನೆಚ್ಚಲಾಗದೆಂದು ಐ.ಬಿ.ಎಂ. ಹಟ ಹಿಡಿದುದರ ಫಲವಾಗಿ, ಎ.ಎಂ.ಡಿ. ಸಂಸ್ಥೆಗೂ ಈ ವಂಶದ ಚಿಪ್ಪುಗಳನ್ನು ತಯಾರಿಸುವ ಹಕ್ಕು 1982ರಲ್ಲಿ ಬಂದಿತು. 386ರ ಕಾಲಕ್ಕೆ ಇಂಟೆಲ್ ಆ ಹಕ್ಕನ್ನು ಹಂಚಿಕೊಳ್ಳಲೊಪ್ಪದೆ ವ್ಯಾಜ್ಯ ಹುಟ್ಟಿತು, 1991ರಲ್ಲಿ ಎ.ಎಂ.ಡಿ. ತನ್ನದೇ 386 ಚಿಪ್ಪನ್ನು ಮಾರುಕಟ್ಟೆಗೆ ತಂದಿತು. ಮಿತವ್ಯಯದ ಕೊಳ್ಳುಗನಿಗೆ ಇಂದಿಗೂ ಇಬ್ಬರು ತಯಾರಕರ ನಡುವೆ ಆಯ್ಕೆಯುಂಟೆಂದರೆ ಅದರ ಮೂಲ ಐ.ಬಿ.ಎಂ.ನ ಆ ಹಟದಲ್ಲಿದೆಯೆನ್ನಬೇಕು.

ಅದೇ 1991ರಲ್ಲಿ ಇಂಟೆಲ್ 486 ಎಸ್‌ಎಕ್ಸ್ ಎಂಬ ಚಿಪ್ಪನ್ನು ಹೊರತಂದಿತು. ಇದು ದುಬಾರಿಯಾದ 486 ಡಿಎಕ್ಸ್ ಚಿಪ್ಪೇ. ದಶಮಾಂಶದ ಲೆಕ್ಕಗಳನ್ನು ಮಾಡುವ ಅಂಗವನ್ನು ಮಾತ್ರ ನಿಷ್ಕ್ರಿಯಗೊಳಿಸಲಾಗಿತ್ತು. ಆ ಅಂಗ ಮುಂದೆ ಬೇಕೆನಿಸಿದವನು 487 ಎಂಬ ಇನ್ನೊಂದು ಚಿಪ್ಪನ್ನು ಕೊಳ್ಳಬೇಕಾಗಿತ್ತು. ಈ 487ಕ್ಕಾದರೋ ಹಳೆಯ ಚಿಪ್ಪಿನ ನೆರವೇ ಬೇಕಿರಲಿಲ್ಲ. ಅದು ಪೂರ್ಣಾಂಗದ 486. ಸೇರಿಸಿದೊಡನೆ ಹಳೆಯದನ್ನು ಸುಮ್ಮನಾಗಿಸಿ ಎಲ್ಲ ಕೆಲಸವನ್ನೂ ತಾನೇ ವಹಿಸಿಕೊಳ್ಳುತ್ತಿತ್ತು! ವ್ಯಾಪಾರದ ಈ ಜಾಣತನವನ್ನು ಹಲವರು ಹಳಿದಿದ್ದಾರೆ. ಆದರೆ ಆಟವಾಡುವವನಿಗೆ ಇದರಿಂದ ನಷ್ಟವಾಯಿತೆಂದು ಹೇಳಲಾಗದು. 1993ರ ಡಿಸೆಂಬರಿನಲ್ಲಿ ಬಂದ 'ಡೂಮ್' ಎಂಬ ಪ್ರಸಿದ್ಧ ಆಟ ತನ್ನ ಲೆಕ್ಕವನ್ನೆಲ್ಲ ಪೂರ್ಣಾಂಕಗಳಲ್ಲಿಯೇ ನಡೆಸುತ್ತಿತ್ತು. ಕಳೆದುಕೊಂಡ ಅಂಗವನ್ನು ಅದು ಕೇಳುತ್ತಲೇ ಇರಲಿಲ್ಲ.

ಎರಡೂವರೆ ವರ್ಷಗಳಲ್ಲಿ ಪರಿಸ್ಥಿತಿ ತಲೆಕೆಳಗಾಯಿತು. ಡೂಮ್ ರಚಿಸಿದ ಇಡ್ ಸಾಫ್ಟ್‌ವೇರ್ ಸಂಸ್ಥೆಯೇ 1996ರ ಜೂನ್‌ನಲ್ಲಿ 'ಕ್ವೇಕ್' ಅನ್ನು ಹೊರತಂದಿತು. ಇದರಲ್ಲಿ ಗೋಡೆ ನೆಲಗಳ ಚಿತ್ರಗಳನ್ನು ದೂರಕ್ಕೆ ತಕ್ಕಂತೆ ಸರಿಪಡಿಸಲು ದಶಮಾಂಶದ ಭಾಗಾಕಾರ ಬೇಕಾಗಿತ್ತು. ಪೆಂಟಿಯಂ ಚಿಪ್ಪಿನಲ್ಲಿ ಈ ಭಾಗಾಕಾರ ಒಂದು ಕಡೆ ನಡೆಯುತ್ತಿರುವಾಗಲೇ ಇನ್ನೊಂದು ಕಡೆ ಚುಕ್ಕೆಗಳನ್ನು ಬಿಡಿಸುವ ಕೆಲಸವೂ ಸಾಗುತ್ತದೆಂಬುದನ್ನು ಕಂಡುಕೊಂಡು ಕ್ರಮವಿಧಿಯನ್ನು ಅದಕ್ಕೆ ಹೊಂದಿಸಿ ಬರೆದಿದ್ದರು. ಆ ಕಾಲದಲ್ಲಿ ಮಿತವ್ಯಯದವರ ಮೆಚ್ಚಿನ ಚಿಪ್ಪು ಅಮೆರಿಕದ ಟೆಕ್ಸಾಸಿನ ಸೈರಿಕ್ಸ್ ಸಂಸ್ಥೆಯ 6ಎಕ್ಸ್86. ಕಚೇರಿಯ ಕೆಲಸಗಳಲ್ಲಿ ಅದು ಪೆಂಟಿಯಂ ಚಿಪ್ಪಿಗೆ ಹೆಗಲೆಣೆಯಾಗಿತ್ತು. 133 ಮೆಗಾಹರ್ಟ್ಸ್ ವೇಗದ ಸೈರಿಕ್ಸ್ ಚಿಪ್ಪನ್ನು, 166 ಮೆಗಾಹರ್ಟ್ಸ್ ಪೆಂಟಿಯಂ ಚಿಪ್ಪಿಗೆ ಸಮವೆಂಬ ಅರ್ಥದಲ್ಲಿ 'ಪಿ166+' ಎಂದು ಹೆಸರಿಟ್ಟು ಮಾರುತ್ತಿದ್ದರು. ಪೂರ್ಣಾಂಕದ ಲೆಕ್ಕದಲ್ಲಿ ಈ ಹೆಸರು ಸುಳ್ಳಾಗಿರಲಿಲ್ಲ. ದಶಮಾಂಶದಲ್ಲಿ ಮಾತ್ರ ಅದು ತೀರ ಹಿಂದುಳಿದಿತ್ತು, ಕ್ವೇಕ್ ಕೇಳಿದ್ದೂ ಅದನ್ನೇ. 1997ರಲ್ಲಿ ಸೈರಿಕ್ಸ್ ನ್ಯಾಷನಲ್ ಸೆಮಿಕಂಡಕ್ಟರ್ ಸಂಸ್ಥೆಯ ಪಾಲಾಯಿತು. 1999ರಲ್ಲಿ ತೈವಾನಿನ ವಿಐಎ ಅದನ್ನು ಕೊಂಡಿತು. ಈ ಪತನಕ್ಕೆ ಆಟವೊಂದೇ ಕಾರಣವೆಂದರೆ ಅತಿಶಯೋಕ್ತಿಯಾದೀತು. ಆದರೂ ಆಟಗಾರರ ನಡುವೆ ಸೈರಿಕ್ಸಿನ ಹೆಸರು ಮತ್ತೆ ಚೇತರಿಸಿಕೊಳ್ಳಲಿಲ್ಲವೆಂಬುದು ನಿಜ.

ಇನ್ನು ಸೆಲೆರಾನ್ ಪ್ರಕರಣಕ್ಕೆ ಬರೋಣ. ಅಗ್ಗದ ಪ್ರೊಸೆಸರಿನ ಚರಿತ್ರೆಯಲ್ಲಿ ಇಷ್ಟು ಬೋಧಪ್ರದವಾದ ಪ್ರಕರಣ ಮತ್ತೊಂದಿಲ್ಲ.

1998ರ ವೇಳೆಗೆ ಅಮೆರಿಕದಲ್ಲಿ ಸಾವಿರ ಡಾಲರಿಗೂ ಕಡಿಮೆ ಬೆಲೆಯ ಗಣಕಗಳು ಬಿರುಸಾಗಿ ಮಾರಾಟವಾಗತೊಡಗಿದ್ದವು. ಆ ಕ್ಷೇತ್ರದಲ್ಲಿ ಎ.ಎಂ.ಡಿ.ಯ ಕೆ6 ಚಿಪ್ಪುಗಳು ಬೇರೂರುತ್ತಿದ್ದವು. ಇದನ್ನು ತಡೆಯಲು ಇಂಟೆಲ್ ಆ ವರ್ಷದ ಏಪ್ರಿಲಿನಲ್ಲಿ 266 ಮೆಗಾಹರ್ಟ್ಸ್‌ನ ಮೊದಲ ಸೆಲೆರಾನನ್ನು ಬಿಡುಗಡೆ ಮಾಡಿತು. ಅದು ಪೆಂಟಿಯಂ-2 ಚಿಪ್ಪೇ ಆಗಿದ್ದು, ಎರಡನೆಯ ಹಂತದ ಕ್ಯಾಶ್ ಮೆಮೊರಿಯನ್ನು ಪೂರ್ತಿಯಾಗಿ ತೆಗೆದುಹಾಕಲಾಗಿತ್ತು. ಕ್ಯಾಶ್ ಎಂದರೆ ಪ್ರೊಸೆಸರ್ ಪದೇ ಪದೇ ಬೇಕಾಗುವ ದತ್ತಾಂಶವನ್ನು ಕೈಗೆಟುಕುವಲ್ಲಿ ಇರಿಸಿಕೊಳ್ಳುವ ಸಣ್ಣ ಉಗ್ರಾಣ. ಅದಿಲ್ಲದಿದ್ದರೆ ಪ್ರತಿಯೊಂದಕ್ಕೂ ದೂರದ ಮುಖ್ಯ ಮೆಮೊರಿಗೆ ಹೋಗಿ ಬರಬೇಕಾಗುತ್ತದೆ. ಇಂಥ ಚಿಪ್ಪನ್ನು ಪತ್ರಿಕೆಗಳು ಒಕ್ಕೊರಲಿನಿಂದ ಖಂಡಿಸಿದುದರಲ್ಲಿ ಆಶ್ಚರ್ಯವಿಲ್ಲ.

ನಾಲ್ಕು ತಿಂಗಳ ನಂತರ, ಆಗಸ್ಟಿನಲ್ಲಿ, 'ಸೆಲೆರಾನ್ 300ಎ' ಬಂದಿತು. ಇದರಲ್ಲಿ 128 ಕಿಲೊಬೈಟಿನ ಕ್ಯಾಶ್ ಚಿಪ್ಪಿನೊಳಗೇ ಇದ್ದು, ಪ್ರೊಸೆಸರಿನ ಪೂರ್ಣ ವೇಗದಲ್ಲಿಯೇ ಓಡುತ್ತಿತ್ತು. ಪೆಂಟಿಯಂ-2ರ ಕ್ಯಾಶ್ 512 ಕಿಲೊಬೈಟಿನದಾದರೂ ಪ್ರತ್ಯೇಕ ಚಿಪ್ಪುಗಳಲ್ಲಿದ್ದು ಅರ್ಧ ವೇಗದಲ್ಲಿ ನಡೆಯುತ್ತಿತ್ತು. ಅಂದಿನ ಆಟಗಳಲ್ಲಿ ಚಿಕ್ಕದಾದರೂ ವೇಗವಾದ ಕ್ಯಾಶು ದೊಡ್ಡದಾದರೂ ನಿಧಾನವಾದುದಕ್ಕೆ ಹೆಚ್ಚುಕಡಿಮೆ ಸಮನಾಯಿತು. ಮತ್ತೊಂದು ಸಂಗತಿಯುಂಟು. 300ಎ ಚಿಪ್ಪಿನ ವೇಗವೆಂದರೆ ಮದರ್‌ಬೋರ್ಡಿನ 66 ಮೆಗಾಹರ್ಟ್ಸ್ ಬಸ್ಸಿನ ನಾಲ್ಕೂವರೆ ಪಟ್ಟು. ಈ ಗುಣಕವನ್ನು ಇಂಟೆಲ್ ಬೀಗ ಹಾಕಿ ಭದ್ರಪಡಿಸಿತ್ತಾದರೂ ಬಸ್ಸಿನ ವೇಗಕ್ಕೆ ಬೀಗವಿರಲಿಲ್ಲ. ಪೆಂಟಿಯಂ-2ಕ್ಕಾಗಿ ಬಂದಿದ್ದ 440ಬಿಎಕ್ಸ್ ಮದರ್‌ಬೋರ್ಡುಗಳಲ್ಲಿ ಬಸ್ಸನ್ನು 100 ಮೆಗಾಹರ್ಟ್ಸ್‌ಗೆ ಏರಿಸಿದರೆ ಅದೇ ಸೆಲೆರಾನ್ 450 ಮೆಗಾಹರ್ಟ್ಸ್‌ನಲ್ಲಿ ಓಡಬೇಕು. ಬಹಳಷ್ಟು ಚಿಪ್ಪುಗಳು ಹಾಗೆಯೇ ಓಡಿದವು. ವೇಗ ಬದಲಿಸಲು ಅವಕಾಶವಿಲ್ಲದ ಬೋರ್ಡುಗಳನ್ನು ಕೊಂಡವರು ಪ್ರೊಸೆಸರ್ ಪಟ್ಟಿಯ ಬಿ21 ಎಂಬ ಸಂಪರ್ಕಬಿಂದುವಿನ ಮೇಲೆ ಟೇಪಿನ ಚೂರು ಅಂಟಿಸಿಯೋ ಉಗುರುಬಣ್ಣ ಬಳಿದೋ ಬೋರ್ಡನ್ನೇ ನಂಬಿಸಿದರು. ಸಾವಿರದ ಲೆಕ್ಕದಲ್ಲಿ ಕೊಳ್ಳುವವರಿಗೆ 300ಎಯ ಘೋಷಿತ ಬೆಲೆ 149 ಡಾಲರು. ಅದೇ ದಿನ ಘೋಷಿತವಾದ 450 ಮೆಗಾಹರ್ಟ್ಸ್ ಪೆಂಟಿಯಂ-2ರದು 669 ಡಾಲರು. ಭಾರತದ ಕೊಳ್ಳುಗನಿಗೆ ಈ ಡಾಲರು ಬೆಲೆಗಳು ಹಾಗೆಯೇ ದಕ್ಕುತ್ತಿರಲಿಲ್ಲವೆಂಬುದನ್ನು ಇಲ್ಲಿ ನೆನೆಯಬೇಕು. ಮಾಹಿತಿ ತಂತ್ರಜ್ಞಾನ ಒಪ್ಪಂದಕ್ಕೆ 1997ರಲ್ಲಿ ಸೇರಿದ ನಮ್ಮ ದೇಶದಲ್ಲಿ ಗಣಕಗಳ ಮೇಲಿನ ಆಮದು ಸುಂಕ ಪೂರ್ತಿ ಇಳಿದದ್ದು 2005ರಲ್ಲಿ.

300ಎ ಇಂಟೆಲ್ಲಿನ ಪ್ರಮಾದವೆಂದು ಕೆಲವರೂ ಉದ್ದೇಶಪೂರ್ವಕವಾದ ಕೊಡುಗೆಯೆಂದು ಮತ್ತೆ ಕೆಲವರೂ ಹೇಳುವುದುಂಟು. ಎರಡೂ ಪೂರ್ತಿ ಒಪ್ಪತಕ್ಕವಲ್ಲ. ಕ್ಯಾಶಿಗೆ ಪ್ರತ್ಯೇಕ ಚಿಪ್ಪುಗಳನ್ನು ಕೊಂಡು ಜೋಡಿಸುವುದಕ್ಕಿಂತ ಒಳಗೇ ಇಡುವುದು ಅಗ್ಗದ ಗಣಕದ ಲೆಕ್ಕಾಚಾರಕ್ಕೆ ಒಗ್ಗುತ್ತಿತ್ತು. ಅಂದರೆ ವೇಗ ಬಂದದ್ದು ಮಿತವ್ಯಯದ ಮಾರ್ಗದಿಂದಲೇ. ತಯಾರಿಕೆಯ ವಿಧಾನವೂ 450ರ ಪೆಂಟಿಯಂ-2ರಲ್ಲಿ ಬಳಸಿದ 0.25 ಮೈಕ್ರಾನಿನದೇ ಆಗಿದ್ದುದರಿಂದ ಸಿಲಿಕಾನಿನ ಶಕ್ತಿಯಲ್ಲಿ ಹೇಳಿಕೊಳ್ಳುವಂಥ ಅಂತರವಿರಲಿಲ್ಲ. ಅಂತರವಿದ್ದುದು ಬಸ್ಸಿನ ವೇಗವೆಂಬ ಬೇಲಿಯಲ್ಲಿ. ಆ ಬೇಲಿಯನ್ನು ದಾಟಲು ಒಂದು ಟೇಪಿನ ಚೂರು ಸಾಕಾಯಿತು.

ಇದೇ 128 ಕಿಲೊಬೈಟು ನಾಲ್ಕು ವರ್ಷಗಳಲ್ಲಿ ಶಾಪವಾಯಿತೆಂಬುದನ್ನು ಮರೆಯುವಂತಿಲ್ಲ. 2002ರಲ್ಲಿ ಪೆಂಟಿಯಂ-4ರ ಮೂಲದಿಂದ ಮಾಡಿದ ಸೆಲೆರಾನುಗಳು 2000 ಮೆಗಾಹರ್ಟ್ಸ್ ಮುಟ್ಟಿದ್ದರೂ ಕ್ಯಾಶ್ ಹಿಂದಿನಷ್ಟೇ ಇತ್ತು. ಆ ವಿನ್ಯಾಸಕ್ಕೂ ಹೊಸ ಆಟಗಳಿಗೂ ಅದು ಸಾಲದೆ, ಕಡಿಮೆ ವೇಗದ ಎ.ಎಂ.ಡಿ. ಡ್ಯೂರಾನ್ ಚಿಪ್ಪುಗಳು ಅವನ್ನು ಹಿಂದೆ ಹಾಕಿದವು. 'ಸೆಲೆರಾನ್' ಎಂಬ ಹೆಸರನ್ನು ನಂಬಿ ಕೊಂಡವರು ಕೆಟ್ಟರು.

ಮುಂದಿನ ದಶಕದಲ್ಲಿ ಕತ್ತರಿ ಬಿದ್ದದ್ದು ಕೋರುಗಳ ಸಂಖ್ಯೆಯ ಮೇಲೆ. 2014ರಲ್ಲಿ ಇಂಟೆಲ್ ಪೆಂಟಿಯಂ ಹೆಸರಿನ ಇಪ್ಪತ್ತನೆಯ ವರ್ಷದ ನೆನಪಿಗೆಂದು ಜಿ3258 ಚಿಪ್ಪನ್ನು 72 ಡಾಲರಿಗೆ ಹೊರತಂದು, ಈ ಸಲ ಗುಣಕದ ಬೀಗವನ್ನು ತಾನೇ ತೆಗೆದಿಟ್ಟಿತು. 300ಎಯ ಕಾಲ ಮರಳಿತೆಂದು ಹಲವರು ಹರ್ಷಿಸಿದರು. ಆದರೆ ಅದಕ್ಕೆ ಎರಡೇ ಕೋರು. ಹಿಂದಿನ ವರ್ಷ ಬಂದಿದ್ದ ಪ್ಲೇಸ್ಟೇಷನ್ 4 ಮತ್ತು ಎಕ್ಸ್‌ಬಾಕ್ಸ್ ಒನ್ ಯಂತ್ರಗಳಲ್ಲಿ ಒಂದೊಂದರಲ್ಲೂ ಎಂಟು ದುರ್ಬಲ ಕೋರುಗಳಿದ್ದವು. ಆಟ ರಚಿಸುವವರು ಕೆಲಸವನ್ನು ಹಲವು ಕೋರುಗಳಿಗೆ ಹಂಚುವುದು ಅನಿವಾರ್ಯವಾಗಿತ್ತು. ಅದೇ ನವೆಂಬರಿನಲ್ಲಿ ಬಂದ 'ಫಾರ್ ಕ್ರೈ 4' ಆಟ ಎರಡು ಕೋರುಗಳ ಈ ಚಿಪ್ಪಿನಲ್ಲಿ ಕಪ್ಪು ಪರದೆ ತೋರಿಸಿ ಸುಮ್ಮನಾಯಿತು. ಎಷ್ಟು ವೇಗ ಏರಿಸಿದರೂ ಪ್ರಯೋಜನವಾಗಲಿಲ್ಲ. 2017ರ ಜನವರಿಯ ಪೆಂಟಿಯಂ ಜಿ4560 ಎರಡು ಕೋರುಗಳಲ್ಲಿಯೇ ನಾಲ್ಕು ಎಳೆಗಳನ್ನು ನಡೆಸಬಲ್ಲದಾದ್ದರಿಂದ, 64 ಡಾಲರಿನ ಚಿಪ್ಪಾದರೂ ಈ ಕಷ್ಟದಿಂದ ಪಾರಾಯಿತು. ಅದೇ ವರ್ಷ ಎ.ಎಂ.ಡಿ. ರೈಜನ್ ವಂಶವನ್ನು ತಂದು 109 ಡಾಲರಿಗೆ ನಿಜವಾದ ನಾಲ್ಕು ಕೋರುಗಳನ್ನು ಕೊಟ್ಟಿತು. ಅಕ್ಟೋಬರಿನ ಹೊತ್ತಿಗೆ ಇಂಟೆಲ್ಲಿನ ಐ3 ಚಿಪ್ಪುಗಳಿಗೂ ನಾಲ್ಕು ಕೋರುಗಳು ಬಂದವು. ಸ್ಪರ್ಧೆಯಿಲ್ಲದ ವರ್ಷಗಳಲ್ಲಿ ಕೊಳ್ಳುಗನು ತೆತ್ತದ್ದೆಷ್ಟೆಂಬುದನ್ನು ಈ ಹಠಾತ್ ಔದಾರ್ಯವೇ ತೋರಿಸಿಕೊಡುತ್ತದೆ.

ಇತ್ತೀಚಿನ ನಿದರ್ಶನವೊಂದನ್ನು ನೋಡಬಹುದು. 2022ರ ಏಪ್ರಿಲಿನಲ್ಲಿ ಎ.ಎಂ.ಡಿ. ರೈಜನ್ 5 5500 ಮತ್ತು 5600 ಎಂಬ ಎರಡು ಚಿಪ್ಪುಗಳನ್ನು ಒಟ್ಟಿಗೆ ಬಿಡುಗಡೆ ಮಾಡಿತು. ಎರಡಕ್ಕೂ ಆರು ಕೋರು, ಹನ್ನೆರಡು ಎಳೆ. ವೇಗದಲ್ಲಿ ಅಲ್ಪ ವ್ಯತ್ಯಾಸ. ಬೆಲೆ ಕ್ರಮವಾಗಿ 159 ಮತ್ತು 199 ಡಾಲರು. ಅಂಗಡಿಯ ಪಟ್ಟಿಯಲ್ಲಿ ಕಾಣುವುದಿಷ್ಟೆ. ಕಾಣದಿರುವುದು, 5600ರಲ್ಲಿ ಮೂರನೆಯ ಹಂತದ ಕ್ಯಾಶ್ 32 ಮೆಗಾಬೈಟಾದರೆ 5500ರಲ್ಲಿ ಅದರ ಅರ್ಧ ಮಾತ್ರವೆಂಬುದು. ಕ್ಯಾಶನ್ನೇ 96 ಮೆಗಾಬೈಟಿಗೆ ಹೆಚ್ಚಿಸಿ ಆಟಗಳಲ್ಲಿ ಅಗ್ರಸ್ಥಾನ ಪಡೆದ 5800ಎಕ್ಸ್3ಡಿ ಚಿಪ್ಪು ಬಂದದ್ದೂ ಅದೇ ತಿಂಗಳೆಂಬುದನ್ನು ಗಮನಿಸಿದರೆ ಈ ಕಡಿತದ ತೂಕ ಅರ್ಥವಾಗುತ್ತದೆ. ಗ್ರಾಫಿಕ್ಸ್ ಕಾರ್ಡಿನ ದಾರಿಯೂ 5500ರಲ್ಲಿ ಹಳೆಯ ಮೂರನೆಯ ಪೀಳಿಗೆಯದು. ಹದಿನಾರು ಪಥಗಳ ಕಾರ್ಡಿಗೆ ಇದರಿಂದ ಹೆಚ್ಚಿನ ತೊಂದರೆಯಿಲ್ಲ. ಆದರೆ ಅದೇ ವರ್ಷದ ಜನವರಿಯಲ್ಲಿ ಬಂದಿದ್ದ ಅಗ್ಗದ ರೇಡಿಯಾನ್ ಆರ್‌ಎಕ್ಸ್ 6500 ಎಕ್ಸ್‌ಟಿ ಕಾರ್ಡಿಗೆ ನಾಲ್ಕೇ ಪಥಗಳು. ಅದನ್ನು 5500ರೊಡನೆ ಜೋಡಿಸಿದವನಿಗೆ, ಕಾರ್ಡಿನ ಸ್ವಂತ ಮೆಮೊರಿ ತುಂಬಿದೊಡನೆ ಆಟ ಮುಗ್ಗರಿಸುತ್ತದೆ. ಅಗ್ಗವಾದ ಎರಡು ವಸ್ತುಗಳನ್ನು ಬೇರೆಬೇರೆಯಾಗಿ ಪರೀಕ್ಷಿಸಿ ಕೊಂಡವನಿಗೆ ಈ ತೊಡಕು ತಿಳಿಯುವುದು ಗಣಕವನ್ನು ಜೋಡಿಸಿ ಮುಗಿಸಿದ ಮೇಲೆ.