ವಯಸ್ಕರ ಅನಕ್ಷರತೆ: ಹಳೆಯ ಮೈಸೂರಿನ ಅನುಭವ

ಅನಕ್ಷರತೆಯನ್ನು ವ್ಯಕ್ತಿಯ ಕೊರತೆಯೆಂದು ಎಣಿಸುವುದು ವಾಡಿಕೆ. ಆದರೆ ಕೊರಟಗೆರೆ ತಾಲ್ಲೂಕಿನ ಕೊಳಾಲದಂಥ ಹೋಬಳಿಯ ಗ್ರಾಮಜೀವನವನ್ನು ಇತಿಹಾಸದ ದೃಷ್ಟಿಯಿಂದ ಪರಿಶೀಲಿಸಿದಾಗ, ಅದು ಸಮಾಜವ್ಯವಸ್ಥೆಯ ಫಲವೆಂಬುದು ನಮಗೆ ವಿಶದವಾಗುತ್ತದೆ. ಹಳೆಯ ಮೈಸೂರು ಸಂಸ್ಥಾನದ ಹಳ್ಳಿಗಳಲ್ಲಿ ಲೆಕ್ಕಪತ್ರಗಳನ್ನು ಬರೆದಿಡುವುದು ಶ್ಯಾನುಭೋಗರ ವಂಶಪಾರಂಪರ್ಯ ಕಾರ್ಯವಾಗಿತ್ತು. ಓದು ಬಾರದ ರೈತನು ತನ್ನ ಹಿಡುವಳಿಯ ವಿಸ್ತೀರ್ಣ, ಕಂದಾಯದ ಬಾಕಿ, ಸಾಲಪತ್ರದ ಒಕ್ಕಣೆ ಇವುಗಳನ್ನು ಪರರ ಬಾಯಿಂದ ಕೇಳಿ, ನಂಬಿ, ಹೆಬ್ಬೆಟ್ಟೊತ್ತಬೇಕಾಗಿತ್ತು. ಈ ವಂಶಪಾರಂಪರ್ಯ ಹುದ್ದೆಗಳು 1961ರ ಶಾಸನದ ಮೇರೆಗೆ 1963ರಲ್ಲಿ ರದ್ದಾದುವು. ಹುದ್ದೆ ಹೋದ ಮಾತ್ರಕ್ಕೆ ರೈತನಿಗೆ ಅಕ್ಷರ ಬರಲಿಲ್ಲ.

ದಿವಾನ್ ವಿಶ್ವೇಶ್ವರಯ್ಯನವರ ಕಾಲದಲ್ಲಿ, 1913ರ ಪ್ರಾಥಮಿಕ ಶಿಕ್ಷಣ ಶಾಸನವು ಆಯ್ದ ಸ್ಥಳಗಳಲ್ಲಿ ಕಡ್ಡಾಯ ಶಿಕ್ಷಣಕ್ಕೆ ಅವಕಾಶ ಕಲ್ಪಿಸಿತು. ಅದು ಮಕ್ಕಳನ್ನು ಕುರಿತದ್ದು. ಶಾಲೆಯ ವಯಸ್ಸು ಮೀರಿದವರಿಗೆ ಉಳಿದದ್ದು ರಾತ್ರಿಶಾಲೆಗಳು ಮಾತ್ರ. 1940ರ ಸುಮಾರಿಗೆ ಮೈಸೂರು ವಿಶ್ವವಿದ್ಯಾನಿಲಯದ ವಿದ್ಯಾರ್ಥಿಗಳು ಕೈಗೊಂಡ ಸಾಕ್ಷರತಾ ಕಾರ್ಯವೇ ಮುಂದೆ ಮೈಸೂರು ರಾಜ್ಯ ವಯಸ್ಕರ ಶಿಕ್ಷಣ ಸಮಿತಿಯಾಗಿ ಬೆಳೆಯಿತೆಂಬುದು ಸ್ಮರಣೀಯ.

ಈ ಸಮಿತಿಯ ಹಿರಿಮೆಯು ಅಕ್ಷರ ಕಲಿಸಿದುದರಲ್ಲಿ ಮಾತ್ರವೇ ಇಲ್ಲ. ಓದಲು ಏನೂ ದೊರೆಯದಿದ್ದರೆ ಕಲಿತ ಅಕ್ಷರ ಬಹುಬೇಗ ಮರೆತುಹೋಗುತ್ತದೆ. ಆದ್ದರಿಂದ ಸಮಿತಿಯು ‘ಬೆಳಕು’ ವಾರಪತ್ರಿಕೆಯನ್ನೂ ‘ಪುಸ್ತಕ ಪ್ರಪಂಚ’ ಮಾಸಪತ್ರಿಕೆಯನ್ನೂ ಹೊರಡಿಸಿತು. ಗ್ರಾಮೀಣ ಪುಸ್ತಕಭಂಡಾರಗಳಿಗೆ ನೆರವಾಯಿತು. 1947ರಲ್ಲಿ ನಂಜನಗೂಡಿನಲ್ಲಿ ವಿದ್ಯಾಪೀಠವನ್ನು ತೆರೆದು ಗ್ರಾಮೀಣ ಯುವಕರಿಗೆ ಬದುಕಿಗೆ ಒದಗುವ ಶಿಕ್ಷಣವನ್ನಿತ್ತಿತು.

ತರುವಾಯ 1978ರಲ್ಲಿ ರಾಷ್ಟ್ರೀಯ ವಯಸ್ಕರ ಶಿಕ್ಷಣ ಕಾರ್ಯಕ್ರಮವೂ 1988ರಲ್ಲಿ ರಾಷ್ಟ್ರೀಯ ಸಾಕ್ಷರತಾ ಮಿಷನ್ನೂ ಆರಂಭವಾದುವು. 2011ರ ಜನಗಣತಿಯಂತೆ ಕರ್ನಾಟಕದಲ್ಲಿ ಏಳು ವರ್ಷಕ್ಕೆ ಮೇಲ್ಪಟ್ಟವರ ಪೈಕಿ ಸಾಕ್ಷರರು ನೂರಕ್ಕೆ 75.36, ಪುರುಷರಲ್ಲಿ 82.47, ಸ್ತ್ರೀಯರಲ್ಲಿ 68.08. ಈ ಸಂಖ್ಯೆಗಳಲ್ಲಿ ಶಾಲೆಗೆ ಹೋಗುವ ಮಕ್ಕಳೂ ಸೇರಿರುವರು. ಆದಕಾರಣ ವಯಸ್ಸಾದ ಸ್ತ್ರೀಯರ ಸ್ಥಿತಿ ಈ ಸರಾಸರಿಗಿಂತ ಕೆಳಗಿರುವುದೆಂದು ನಾವು ಊಹಿಸಬಹುದು.

ಇನ್ನು ಪರಿಹಾರದ ವಿಚಾರ. ಮೊದಲನೆಯದಾಗಿ, ಪಾಠದ ವೇಳೆಯು ಬೇಸಾಯದ ಕೆಲಸಕ್ಕೂ ಮನೆಗೆಲಸಕ್ಕೂ ಹೊಂದಿಕೊಳ್ಳಬೇಕು. ಎರಡನೆಯದಾಗಿ, ಪಹಣಿ, ಪಡಿತರ ಚೀಟಿ, ಬ್ಯಾಂಕಿನ ಪಾಸ್‌ಪುಸ್ತಕ, ಸ್ವಸಹಾಯ ಸಂಘದ ಲೆಕ್ಕಪುಸ್ತಕ ಇವೇ ಪಠ್ಯವಾಗಬೇಕು. ತನ್ನ ಹೆಸರಿನ ಕಾಗದವನ್ನು ತಾನೇ ಓದಬೇಕೆಂಬ ಹಂಬಲಕ್ಕಿಂತ ಬಲವಾದ ಪ್ರೇರಣೆ ವಯಸ್ಕರಿಗೆ ಮತ್ತೊಂದಿಲ್ಲ. ಮೂರನೆಯದಾಗಿ, ಗ್ರಾಮ ಪಂಚಾಯಿತಿಯ ಗ್ರಂಥಾಲಯವು ನವಸಾಕ್ಷರರಿಗೆ ತಕ್ಕ ಸುಲಭವಾದ ಪುಸ್ತಕಗಳನ್ನು ಒದಗಿಸಬೇಕು.

2022ರಲ್ಲಿ ಆರಂಭವಾದ ನವ ಭಾರತ ಸಾಕ್ಷರತಾ ಕಾರ್ಯಕ್ರಮವು ಹದಿನೈದು ವರ್ಷ ಮೀರಿದವರಿಗೆ ಕಲಿಸಲು ಸ್ವಯಂಸೇವಕರನ್ನೇ ನೆಚ್ಚಿಕೊಂಡಿದೆ. 1940ರಲ್ಲಿ ಈ ಕಾರ್ಯಕ್ಕೆ ಮೊದಲು ಹೊರಟವರು ಕಾಲೇಜಿನ ತರುಣರು. ಇತಿಹಾಸದ ವಿದ್ಯಾರ್ಥಿಗಳಾದ ನಾವು ಆ ಸಂಗತಿಯನ್ನು ಓದಿ ಮೆಚ್ಚಿದರೆ ಸಾಲದು. ಸಮೀಪದ ಹಳ್ಳಿಯಲ್ಲಿ ಒಬ್ಬರಿಗಾದರೂ ತಮ್ಮ ಪಹಣಿಯನ್ನು ತಾವೇ ಓದಿಕೊಳ್ಳುವಂತೆ ಕಲಿಸಿದಲ್ಲಿ, ಅಂದು ತೊಡಗಿದ ಕೆಲಸವನ್ನು ಮುಂದುವರಿಸಿದಂತಾಗುವುದು.