ತೊಟ್ಟಿಯ ನೀರು, ನುಸಿಯ ಮರಿ

ಚಿಕೂನ್‌ಗುನ್ಯ ನಮ್ಮ ಊರಿಗೆ ಬಂದ ಮಳೆಗಾಲವನ್ನು ನಾನು ಮರೆತಿಲ್ಲ. ಜ್ವರ ವಾರದೊಳಗೆ ಬಿಟ್ಟರೂ ಗಂಟುನೋವು ಬಿಡಲಿಲ್ಲ. ಅಮ್ಮ ತಿಂಗಳುಗಟ್ಟಲೆ ಗೋಡೆ ಹಿಡಿದೇ ನಡೆದರು. ಮಕೊಂಡೆ ಭಾಷೆಯಲ್ಲಿ ಆ ಹೆಸರಿಗೆ ಬಾಗಿಸುವಂಥದ್ದು ಎಂದೇ ಅರ್ಥವಂತೆ. 1952ರಲ್ಲಿ ಆಫ್ರಿಕದ ಟಾಂಗನಿಕದಲ್ಲಿ ಕಂಡ ರೋಗ ಅದು. 1963ರಲ್ಲಿ ಕಲ್ಕತ್ತೆಗೆ, 1973ರಲ್ಲಿ ಸೊಲ್ಲಾಪುರ ಜಿಲ್ಲೆಯ ಬಾರ್ಶಿಗೆ ಬಂತು. ಆಮೇಲೆ ಮೂವತ್ತು ವರ್ಷ ಸದ್ದಿಲ್ಲ. 2005ರ ಕೊನೆಗೆ ಮತ್ತೆ ಎದ್ದದ್ದು ಕೇರಳವನ್ನೂ ಬಿಡಲಿಲ್ಲ.

ಆಗ ಆರೋಗ್ಯ ಕಾರ್ಯಕರ್ತೆ ಮರಳಿನ ಹಾಗಿನ ಮದ್ದು ಹಿಡಿದು ಬಂದರು. "ಕುಡಿಯುವ ನೀರಿಗೆ ವಿಷ ಹಾಕ್ಲಿಕ್ಕೆ ಬಂದದ್ದಾ?" ಎಂದರು ಅಮ್ಮ. ನಾನು ಬಾಯಿ ಬಿಡಲಿಲ್ಲ. ಉತ್ತರ ನನಗೂ ಗೊತ್ತಿರಲಿಲ್ಲ. ಓದಿದ್ದು ಆಮೇಲೆ.

ಈ ಕಥೆಯ ಒಂದು ತುದಿ ಬೆಂಗಳೂರಲ್ಲಿದೆ. 1883ರಲ್ಲಿ ಅಲ್ಲಿ ಸೈನ್ಯದ ವೈದ್ಯರಾಗಿದ್ದ ರೊನಾಲ್ಡ್ ರಾಸ್ ತನ್ನ ಕಿಟಕಿಯ ಹೊರಗಿನ ತೊಟ್ಟಿಯಲ್ಲಿ ಹುಳು ಕುಣಿಯುವುದನ್ನು ಕಂಡರು. ತೊಟ್ಟಿ ಕವುಚಿದರು, ನುಸಿ ಕಡಿಮೆಯಾಯಿತು. ಉಳಿದ ತೊಟ್ಟಿಗಳನ್ನೂ ಕವುಚೋಣ ಎಂದರೆ ಮೇಲಿನ ಅಧಿಕಾರಿ ಒಪ್ಪಲಿಲ್ಲ. ಅದು ಸೃಷ್ಟಿಯ ನಿಯಮಕ್ಕೆ ವಿರುದ್ಧವಂತೆ! ನುಸಿಯ ಹೊಟ್ಟೆಯಲ್ಲಿ ಮಲೇರಿಯದ ಬೀಜ ಅವರಿಗೆ ಸಿಕ್ಕಿದ್ದು 1897ರಲ್ಲಿ, ಸಿಕಂದರಾಬಾದಿನಲ್ಲಿ.

ಮುಂದೆ ನಿಂತ ನೀರಿಗೆ ಚಿಮಿಣಿ ಎಣ್ಣೆ ಹೊಯ್ಯುವ ಕ್ರಮ ಬಂತು. ಎಣ್ಣೆಯ ಪದರ ಮರಿಯ ಉಸಿರು ಕಟ್ಟಿಸುತ್ತದೆ. 1921ರ ಹೊತ್ತಿಗೆ ಪ್ಯಾರಿಸ್ ಗ್ರೀನ್ ಎಂಬ ತಾಮ್ರ-ಪಾಷಾಣದ ಹುಡಿ ಬಂತು. ಮಲೇರಿಯದ ನುಸಿಯ ಮರಿ ನೀರಿನ ಮೇಲ್ಮೈಯಲ್ಲೇ ಮಲಗಿ ತಿನ್ನುವುದರಿಂದ ತೇಲುವ ಹುಡಿ ಅದರ ಹೊಟ್ಟೆ ಸೇರುತ್ತಿತ್ತು. ಆಫ್ರಿಕದಿಂದ ಬ್ರೆಜಿಲಿಗೆ ಹೊಕ್ಕ ಗ್ಯಾಂಬಿಯೆ ನುಸಿಯನ್ನು 1940ರೊಳಗೆ ಅಲ್ಲಿಂದ ನಿರ್ಮೂಲ ಮಾಡಿದ್ದು ಮುಖ್ಯವಾಗಿ ಈ ಹುಡಿಯಿಂದ. ಆದರೆ ಚಿಕೂನ್‌ಗುನ್ಯ, ಡೆಂಗ್ಯೂ ತರುವ ಈಡಿಸ್ ನುಸಿಯ ಮರಿ ತಲೆಕೆಳಗಾಗಿ ತೂಗಿಕೊಂಡು ನೀರಿನೊಳಗೇ ಮೇಯುತ್ತದೆ. ಅದಿರುವುದೂ ನಮ್ಮ ಮನೆಯ ಪಾತ್ರೆಯಲ್ಲೇ. ಅಲ್ಲಿಗೆ ಪಾಷಾಣವೂ ಆಗದು, ಚಿಮಿಣಿ ಎಣ್ಣೆಯೂ ಆಗದು.

ಅದಕ್ಕೇ 1960ರ ದಶಕದಲ್ಲಿ ಬಂದ ಟೆಮೆಫಾಸ್. ಒಂದು ಶೇಕಡಾ ಮದ್ದು ಸೇರಿಸಿದ ಮರಳು, 100 ಲೀಟರಿಗೆ 10 ಗ್ರಾಂ. ಈ ಅಳತೆಯಲ್ಲಿ ಕುಡಿಯುವ ನೀರಿಗೂ ಆದೀತು ಎಂದು ವಿಶ್ವ ಆರೋಗ್ಯ ಸಂಸ್ಥೆ ಒಪ್ಪಿದೆ. ಆದರೆ ಬ್ರೆಜಿಲ್ ಮೊದಲಾದ ಕಡೆ ವರ್ಷಗಟ್ಟಲೆ ಹಾಕಿ ಮರಿಗಳು ಅದಕ್ಕೆ ಒಗ್ಗಿಕೊಂಡವು. ಇನ್ನೊಂದು, 1976ರಲ್ಲಿ ಇಸ್ರೇಲಿನ ನೆಗೆವ್ ಮರುಭೂಮಿಯಲ್ಲಿ ಸಿಕ್ಕಿದ ಬಿ.ಟಿ.ಐ. ಎಂಬ ಬ್ಯಾಕ್ಟೀರಿಯ. ನುಂಗಿದ ಮರಿಯ ಕರುಳನ್ನು ಅದು ಒಡೆಯುತ್ತದೆ. ನಮಗೆ, ಮೀನಿಗೆ ಏನೂ ಆಗದು.

ಇಷ್ಟಾದರೂ ತೋಟದ ಅಡಿಕೆ ಹಾಳೆ, ಗೆರಟೆ, ರಬ್ಬರ್ ಚಿಪ್ಪು ಒಂದೊಂದಕ್ಕೂ ಮದ್ದು ಹಾಕಿ ಪೂರೈಸುತ್ತದಾ? ಅಲ್ಲಿ ರಾಸ್ ಮಾಡಿದ್ದನ್ನೇ ಮಾಡಬೇಕು.

ಅಮ್ಮ ಕೊನೆಗೆ ಬಚ್ಚಲ ತೊಟ್ಟಿಗೆ ಮದ್ದು ಹಾಕಲು ಬಿಟ್ಟರು. ಕುಡಿಯುವ ಕೊಡಪಾನಕ್ಕೆ ಮಾತ್ರ ಬಿಡಲಿಲ್ಲ. ಒಣಗಿದರೂ ಮೊಟ್ಟೆ ತಿಂಗಳುಗಟ್ಟಲೆ ಸಾಯುವುದಿಲ್ಲ ಎಂದು ನಾನು ಹೇಳಿದ ಮೇಲೆ, ಅದನ್ನು ವಾರಕ್ಕೊಮ್ಮೆ ಹುಣಸೆಹುಳಿ ಹಾಕಿ ಒಳಗಿನಿಂದ ತಿಕ್ಕತೊಡಗಿದರು, ನೋಯುವ ಕೈಯಲ್ಲೇ.